ಮನೆಯಲ್ಲೇ ಕ್ಲೌನ್ ಮೀನಿನ ಮರಿ: ಮೊದಲ ಹತ್ತು ದಿನಗಳೇ ನಿರ್ಣಾಯಕ

ಕಿತ್ತಳೆ ಮೈಯ ಮೇಲೆ ಮೂರು ಬಿಳಿ ಪಟ್ಟೆಗಳಿರುವ ಕ್ಲೌನ್ ಮೀನು 2003ರಲ್ಲಿ ಬಂದ 'ಫೈಂಡಿಂಗ್ ನೆಮೊ' ಚಿತ್ರದಿಂದ ಮಕ್ಕಳಿಗೆಲ್ಲ ಪರಿಚಿತವಾಯಿತು. ಅಂಥ ಮೀನು ಮನೆಯಲ್ಲೂ ಬೇಕೆಂಬ ಆಸೆ ಸಹಜ. ಆದರೆ ಹವಳದ ದಿಬ್ಬಗಳಿಂದ ಹಿಡಿದು ತಂದ ಮೀನನ್ನು ಕೊಂಡರೆ ಕಡಲಿನ ಒಂದು ಸಂಸಾರವನ್ನು ಒಡೆದಂತಾಗುತ್ತದೆ. ಈ ಮೀನು ಗಾಜಿನ ತೊಟ್ಟಿಯಲ್ಲೂ ಮೊಟ್ಟೆಯಿಟ್ಟು ಮರಿ ಮಾಡುತ್ತದೆ. ಹಾಗಾಗಿ ಕಡಲಿಗೆ ಕೈ ಹಾಕದೆಯೇ ಇದನ್ನು ಸಾಕಲು ಸಾಧ್ಯವಿದೆ. ಅದು ಹೇಗೆಂದು ತಿಳಿಯೋಣ.

ಕ್ಲೌನ್ ಮೀನುಗಳೆಲ್ಲ ಹುಟ್ಟುವಾಗ ಗಂಡಾಗುವ ಹಾದಿಯಲ್ಲಿರುತ್ತವೆ. ಗುಂಪಿನಲ್ಲಿ ಅತಿ ದೊಡ್ಡದು ಹೆಣ್ಣಾಗುತ್ತದೆ, ಎರಡನೆಯದು ಅದರ ಜೋಡಿ ಗಂಡು. ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗಿ ಮಾರ್ಪಡುತ್ತದೆ. ಆದ್ದರಿಂದ ಗಂಡು-ಹೆಣ್ಣು ಹುಡುಕುವ ಗೋಜು ಬೇಡ. ಗಾತ್ರದಲ್ಲಿ ಸ್ವಲ್ಪ ವ್ಯತ್ಯಾಸವಿರುವ ಎರಡು ಎಳೆಯ ಮೀನುಗಳನ್ನು ಒಟ್ಟಿಗೆ ಬಿಟ್ಟರೆ ಸಾಮಾನ್ಯವಾಗಿ ಅವೇ ಜೋಡಿಯಾಗುತ್ತವೆ. ಮೊಟ್ಟೆಯಿಡಲು ವರ್ಷವೋ ಅದಕ್ಕಿಂತ ಹೆಚ್ಚೋ ಬೇಕು.

ಜೋಡಿಗೆ ಸುಮಾರು 100 ಲೀಟರಿನ ತೊಟ್ಟಿ ಸಾಕು. ಮೀನು ಬಿಡುವ ಮೊದಲು ನಾಲ್ಕರಿಂದ ಆರು ವಾರ ಫಿಲ್ಟರ್ ಓಡಿಸಿ, ಅಮೋನಿಯಾವನ್ನು ಕರಗಿಸುವ ಬ್ಯಾಕ್ಟೀರಿಯಾ ಬೆಳೆಯಲು ಬಿಡಬೇಕು. ಉಷ್ಣಾಂಶ 26ರಿಂದ 28 ಡಿಗ್ರಿ ಸೆಲ್ಸಿಯಸ್ ಇರಲಿ. ನಮ್ಮ ಕರಾವಳಿಯಲ್ಲಿ ಸಮುದ್ರದ ನೀರನ್ನೇ ತರಬಹುದಲ್ಲವೇ ಎಂದು ಕೇಳುವವರಿದ್ದಾರೆ. ಮಳೆಗಾಲದಲ್ಲಿ ನೇತ್ರಾವತಿಯಂಥ ನದಿಗಳ ಸಿಹಿನೀರು, ಕೆಸರು ಬೆರೆತು ದಡದ ನೀರಿನ ಉಪ್ಪು ಇಳಿದಿರುತ್ತದೆ. ಶುದ್ಧೀಕರಿಸಿದ ನೀರಿಗೆ ಅಕ್ವೇರಿಯಂ ಅಂಗಡಿಯ ಸಮುದ್ರ ಉಪ್ಪನ್ನು ಬೆರೆಸುವುದೇ ಸುರಕ್ಷಿತ. ಅಡುಗೆ ಉಪ್ಪು ಸಲ್ಲದು. ನೀರು ಆವಿಯಾದಾಗ ಉಪ್ಪು ಉಳಿದಿರುವುದರಿಂದ ಕಡಿಮೆಯಾದಷ್ಟು ಸಿಹಿನೀರನ್ನೇ ಸೇರಿಸಬೇಕು.

ಕಡಲಿನಲ್ಲಿ ಇವು ಸೀ ಅನಿಮೋನ್ ಎಂಬ, ಹೂವಿನಂತೆ ಕಾಣುವ ಜೀವಿಯ ಆಸರೆಯಲ್ಲಿ ಬದುಕುತ್ತವೆ. ಮನೆಯಲ್ಲಿ ಅದು ಬೇಕಿಲ್ಲ. ಬಣ್ಣ ಬಳಿಯದ ಮಣ್ಣಿನ ಕುಂಡ ಅಥವಾ ಹೆಂಚಿನ ತುಂಡನ್ನು ಒರಗಿಸಿಟ್ಟರೆ ಜೋಡಿ ಅದನ್ನು ಬಾಯಿಯಿಂದ ಉಜ್ಜಿ ಶುಚಿ ಮಾಡಿ ನೂರಾರು ಕಿತ್ತಳೆ ಬಣ್ಣದ ಮೊಟ್ಟೆಗಳನ್ನು ಅಂಟಿಸುತ್ತದೆ. ಗಂಡು ರೆಕ್ಕೆಯಿಂದ ಗಾಳಿ ಬೀಸಿದಂತೆ ನೀರಾಡಿಸುತ್ತಾ, ಹಾಳಾದವನ್ನು ತಿಂದು ಉಳಿದವನ್ನು ಕಾಯುತ್ತದೆ. ಒಂದು ವಾರದ ಹೊತ್ತಿಗೆ ಮೊಟ್ಟೆಯೊಳಗೆ ಬೆಳ್ಳಿಯಂತೆ ಹೊಳೆಯುವ ಕಣ್ಣುಗಳು ಕಾಣುತ್ತವೆ. ದೀಪ ಆರಿಸಿದ ಒಂದೆರಡು ಗಂಟೆಯಲ್ಲಿ ಮರಿಗಳು ಹೊರಬರುತ್ತವೆ.

ಹೆಚ್ಚಿನವರು ಸೋಲುವುದು ಇಲ್ಲಿಯೇ. ಮೂರು-ನಾಲ್ಕು ಮಿಲಿಮೀಟರಿನ ಆ ಮರಿಯ ಪುಟ್ಟ ಬಾಯಿಗೆ ಜೀವಂತ, ಚಲಿಸುವ ಆಹಾರವೇ ಬೇಕು. ಪುಡಿ ಆಹಾರವನ್ನು ಅದು ಮುಟ್ಟುವುದಿಲ್ಲ. ಕಣ್ಣಿಗೆ ಕಾಣುವುದೇ ಕಷ್ಟವಾದ ರೋಟಿಫರ್ ಎಂಬ ಜೀವಿಯೇ ಅದರ ಮೊದಲ ಊಟ. ರೋಟಿಫರಿಗೆ ಹಸಿರು ಪಾಚಿ ಬೇಕು. ಆದ್ದರಿಂದ ಮೊಟ್ಟೆ ಕಂಡ ಮೇಲೆ ರೋಟಿಫರ್ ಹುಡುಕಲು ಹೊರಟರೆ ತಡವಾಯಿತು. ಮೊದಲು ಅದನ್ನು ಬೆಳೆಸಿಟ್ಟುಕೊಂಡಿರಬೇಕು.

ಮರಿಗಳನ್ನು ತಾಯ್ತೊಟ್ಟಿಯ ನೀರೇ ತುಂಬಿದ ಬೇರೆ ಚಿಕ್ಕ ತೊಟ್ಟಿಯಲ್ಲಿ ಸಾಕಬೇಕು. ಅದರ ಬದಿಗಳಿಗೆ ಕಪ್ಪು ಕಾಗದ, ಮಂದ ಬೆಳಕು, ನಿಧಾನವಾದ ಗಾಳಿ ಇರಲಿ. ಒಂದು ಮಿಲಿಲೀಟರ್ ನೀರಿನಲ್ಲಿ ಐದರಿಂದ ಹತ್ತು ರೋಟಿಫರ್ ಇರುವಂತೆ ನೋಡಿಕೊಳ್ಳಬೇಕು. ಐದಾರು ದಿನಗಳ ನಂತರ ಆಗಷ್ಟೇ ಒಡೆದ ಆರ್ಟೀಮಿಯಾ ಮರಿಗಳನ್ನು ಕೊಡಬಹುದು. ಎಂಟರಿಂದ ಹನ್ನೆರಡನೇ ದಿನದೊಳಗೆ ಬಿಳಿ ಪಟ್ಟೆ ಮೂಡಲಾರಂಭಿಸಿ, ಮರಿಗಳು ತಳದ ಕಡೆ ಬರುತ್ತವೆ. ಆಮೇಲೆ ಸಾವು ಕಡಿಮೆ. ನಮ್ಮಲ್ಲಿ ಮಳೆಗಾಲದ ಕರೆಂಟ್ ಕಡಿತ ತಿಳಿದದ್ದೇ, ಬ್ಯಾಟರಿಯ ಏರ್‌ಪಂಪ್ ಒಂದು ಇರಲಿ.

ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ತನ್ನ ವಿಳಿಂಜಂ ಮತ್ತು ಮಂಡಪಂ ಕೇಂದ್ರಗಳಲ್ಲಿ ಕ್ಲೌನ್ ಮೀನಿನ ಮರಿ ಉತ್ಪಾದನೆಯನ್ನು ಸಾಧಿಸಿ ತೋರಿಸಿದೆ. ಈ ಸಂಸ್ಥೆಯ ಕೇಂದ್ರ ಮಂಗಳೂರಿನಲ್ಲೂ ಇದೆ. ಕೊಳ್ಳುವಾಗ 'ಇದು ಸಾಕಣೆಯಲ್ಲಿ ಹುಟ್ಟಿದ್ದೇ?' ಎಂದು ಕೇಳಿ, ಹೌದೆಂದರೆ ಮಾತ್ರ ಕೊಳ್ಳೋಣ. ಜೀವಂತ ಹವಳವನ್ನು ತರುವುದು 1972ರ ವನ್ಯಜೀವಿ ಕಾಯ್ದೆಗೆ ವಿರುದ್ಧ. ಬೇಡವಾದ ಮೀನನ್ನು ಕಡಲಿಗೆ ಬಿಡುವುದೂ ತಪ್ಪು.

ಚೆನ್ನಾಗಿ ನೋಡಿಕೊಂಡರೆ ಈ ಮೀನು ಇಪ್ಪತ್ತು ವರ್ಷ ಬದುಕಬಲ್ಲದು. ಮಗು ಹಠ ಹಿಡಿದ ದಿನದ ಸಂತೋಷಕ್ಕಿಂತ ಅದು ಬಹಳ ದೊಡ್ಡ ಜವಾಬ್ದಾರಿ. ಅಷ್ಟು ಕಾಲ ದಿನಕ್ಕೆರಡು ಬಾರಿ ತೊಟ್ಟಿಯ ಬಳಿ ನಿಲ್ಲುವ ವ್ಯವಧಾನ ಮನೆಯವರಿಗೆ ಇದ್ದರೆ ಮಾತ್ರ ಕೈ ಹಾಕುವುದು ಒಳಿತು.