ಎಣಿಕೆಯಲ್ಲಿ ತಪ್ಪಿಹೋದ ಹತ್ತನೆಯವನು

ಹತ್ತು ಜನ ಒಂದು ಹೊಳೆ ದಾಟಿದರು. ಆಚೆ ದಡ ಸೇರಿದ ಮೇಲೆ ಯಾರಾದರೂ ಕೊಚ್ಚಿಹೋದರೋ ಏನೋ ಎಂದು ಒಬ್ಬ ಎಣಿಸಿ ನೋಡಿದ. ಒಂಬತ್ತೇ ತಲೆ. ಇನ್ನೊಬ್ಬ ಎಣಿಸಿದ, ಆಗಲೂ ಒಂಬತ್ತು. ಎಣಿಸುವವರೆಲ್ಲ ತಮ್ಮನ್ನು ಬಿಟ್ಟೇ ಎಣಿಸುತ್ತಿದ್ದರು. ಹತ್ತನೆಯವನು ನೀರುಪಾಲಾದನೆಂದು ತಲೆ ಚಚ್ಚಿಕೊಂಡು ಅಳತೊಡಗಿದರು. ಆ ದಾರಿಯಲ್ಲಿ ಬಂದವನೊಬ್ಬ ಸಂಗತಿ ಕೇಳಿ, ಎಣಿಸುತ್ತಿದ್ದವನನ್ನೇ ತೋರಿಸಿ ಹೇಳಿದ: ಹತ್ತನೆಯವನು ನೀನೇ.

ಅದ್ವೈತಿಗಳು ಸಾವಿರ ವರ್ಷಕ್ಕೂ ಮೇಲ್ಪಟ್ಟು ಹೇಳಿಕೊಂಡು ಬಂದ ಕತೆ ಇದು. ಶಂಕರಾಚಾರ್ಯರ ‘ಉಪದೇಶ ಸಾಹಸ್ರಿ’ಯಲ್ಲಿ ಇದರ ಪ್ರಸ್ತಾಪವಿದೆ. ವಿದ್ಯಾರಣ್ಯರ ಹೆಸರಿನಲ್ಲಿ ಪ್ರಸಿದ್ಧವಾದ ‘ಪಂಚದಶೀ’ ಇದನ್ನು ಇನ್ನಷ್ಟು ಬಿಡಿಸಿ ಹೇಳುತ್ತದೆ.

ಆ ವಿದ್ಯಾರಣ್ಯರನ್ನು ಕನ್ನಡದ ಸಾಮಾನ್ಯ ಓದುಗರ ಮನೆಗೆ ತಂದವರಲ್ಲಿ ಒಬ್ಬರ ಊರು ಹೊಳೆದಂಡೆಯದೇ. ಹಾವೇರಿ ತಾಲ್ಲೂಕಿನ ಗಳಗನಾಥದಲ್ಲಿ ವರದೆ ತುಂಗಭದ್ರೆಯನ್ನು ಕೂಡುತ್ತಾಳೆ. ಸಂಗಮದ ದಡದಲ್ಲಿ ಚಾಲುಕ್ಯರ ಕಾಲದ ಗಳಗೇಶ್ವರ ಗುಡಿ, ಇಳಿಜಾರು ಗೋಡೆಯ ದಪ್ಪ ಬುನಾದಿಯ ಮೇಲೆ ನಿಂತಿದೆ. ಈ ಊರ ಹೆಸರನ್ನೇ ಕಾವ್ಯನಾಮ ಮಾಡಿಕೊಂಡವರು ವೆಂಕಟೇಶ ತಿರಕೋ ಕುಲಕರ್ಣಿ (1869–1942). ಶಾಲಾ ಮಾಸ್ತರರಾಗಿದ್ದ ಅವರು ಕಾದಂಬರಿ ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟು ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದರು. ವಿದ್ಯಾರಣ್ಯರು ಮತ್ತು ವಿಜಯನಗರದ ಸ್ಥಾಪನೆಯ ಕತೆ ಅವರ ‘ಮಾಧವ ಕರುಣಾ ವಿಲಾಸ’. ಅಗಡಿಯ ಆನಂದವನದಿಂದ 1907ರಲ್ಲಿ ಶುರುವಾದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯನ್ನು ನಡೆಸಿದವರೂ ಅವರೇ. ಆತ್ಮವಿಚಾರ ಮಠದ ಜಗಲಿಯಿಂದ ಇಳಿದು ಅಂಚೆಯ ಚೀಲ ಸೇರಿದ ಕಾಲ ಅದು. ಈ ಸೀಮೆಗೆ ಅವರು ಮಾಡಿದ ಉಪಕಾರ ದೊಡ್ಡದು.

ಮತ್ತೆ ಹತ್ತನೆಯವನ ಬಳಿಗೆ ಬರೋಣ. ಹದಿನೈದು ಪ್ರಕರಣಗಳ ‘ಪಂಚದಶೀ’ಯಲ್ಲಿ ಏಳನೆಯದು ‘ತೃಪ್ತಿದೀಪ’. ಕತೆಯ ಒಂದೊಂದು ಹೆಜ್ಜೆಗೂ ಅಲ್ಲಿ ಒಂದೊಂದು ಹೆಸರಿದೆ. ತಾನೇ ಹತ್ತನೆಯವನೆಂದು ತಿಳಿಯದಿರುವುದು ಅಜ್ಞಾನ, ‘ಅವನು ಇಲ್ಲ, ಕಾಣಿಸುತ್ತಿಲ್ಲ’ ಎನ್ನುವುದು ಆವರಣ, ಅಳುವುದು ವಿಕ್ಷೇಪ. ‘ಹತ್ತನೆಯವನು ಇದ್ದಾನೆ’ ಎಂಬ ಮಾತು ನಂಬಿದರೆ ಪರೋಕ್ಷ ಜ್ಞಾನ, ‘ನಾನೇ ಅವನು’ ಎಂದು ಕಂಡುಕೊಂಡರೆ ಅಪರೋಕ್ಷ ಜ್ಞಾನ. ಆಮೇಲೆ ಅಳು ನಿಲ್ಲುತ್ತದೆ, ತೃಪ್ತಿ ಮೂಡುತ್ತದೆ.

ಇಲ್ಲಿ ಹೊಸದಾಗಿ ಯಾರೂ ಹುಟ್ಟಿ ಬರಲಿಲ್ಲ. ಹೊಳೆಯಿಂದ ಯಾರನ್ನೂ ಎತ್ತಲಿಲ್ಲ. ಅತ್ತವನೇ ಕಳೆದುಹೋದವನಾಗಿದ್ದ! ಆತ್ಮಜ್ಞಾನವೆಂದರೆ ಎಲ್ಲಿಂದಲೋ ಗಳಿಸಿ ತರುವ ವಸ್ತುವಲ್ಲ ಎಂಬುದನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ.

ಕತೆಯ ಇನ್ನೊಂದು ವಿವರವನ್ನು ಬಹಳ ಜನ ಗಮನಿಸುವುದಿಲ್ಲ. ಅಳುವಾಗ ಚಚ್ಚಿಕೊಂಡ ತಲೆಯ ಗಾಯ, ಸತ್ಯ ತಿಳಿದ ಕ್ಷಣಕ್ಕೇ ಮಾಯುವುದಿಲ್ಲ; ತಿಂಗಳು ಹಿಡಿದು ಮೆಲ್ಲಗೆ ಮಾಯುತ್ತದೆ ಎನ್ನುತ್ತದೆ ‘ಪಂಚದಶೀ’. ಜ್ಞಾನಿಯ ಮೈಗೂ ನೋವಿದೆ, ಮುಪ್ಪಿದೆ. ಅದು ಪ್ರಾರಬ್ಧದ ಪಾಲು. ಪವಾಡದ ಆಸೆ ಹುಟ್ಟಿಸದ ಈ ಮಾತಿನಲ್ಲಿ ಎಷ್ಟು ಪ್ರಾಮಾಣಿಕತೆಯಿದೆ!

ಹಾಗಾದರೆ ಹತ್ತನೆಯವನಂತೆ ನಾವು ಕಂಡುಕೊಳ್ಳಬೇಕಾದ ಆತ್ಮ, ಆ ‘ಶುದ್ಧ ಅರಿವು’, ಎಂದರೇನು? ಇದೇ ಗ್ರಂಥದ ಮೊದಲ ಪ್ರಕರಣದಲ್ಲಿ ಉತ್ತರವಿದೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ನಿಂತವನನ್ನು ನೆನೆಯಬಹುದು. ಕಣ್ಣಿಗೆ ಕೆಂಪು ರಾಶಿ, ಮೂಗಿಗೆ ಘಾಟು, ಕಿವಿಗೆ ಗದ್ದಲ. ತಿಳಿಯುವ ವಸ್ತುಗಳು ಬೇರೆ ಬೇರೆ, ತಿಳಿವು ಒಂದೇ. ಕನಸಿನಲ್ಲಿ ಮಾರುಕಟ್ಟೆ ಮಾಯವಾದರೂ ಅರಿವು ಇದೆ. ಗಾಢ ನಿದ್ದೆಯಲ್ಲಿ ಏನೂ ಇರಲಿಲ್ಲವಲ್ಲ ಎನ್ನಬಹುದು. ಆದರೆ ಎದ್ದವನು ‘ಸುಖವಾಗಿ ಮಲಗಿದ್ದೆ, ಏನೂ ಗೊತ್ತಾಗಲಿಲ್ಲ’ ಎನ್ನುತ್ತಾನೆ. ಆ ‘ಏನೂ ಇಲ್ಲ’ಕ್ಕೂ ಸಾಕ್ಷಿಯೊಂದು ಇತ್ತೆಂದಾಯಿತು. ಹುಟ್ಟದ, ಮುಳುಗದ ಆ ಸಾಕ್ಷಿಯೇ ಆತ್ಮ.

ಅನುಭಾವದ ವಿಷಯದಲ್ಲಿ ಜನ ದಾರಿ ತಪ್ಪುವುದು ಇಲ್ಲೇ. ಧ್ಯಾನದಲ್ಲಿ ಬೆಳಕು ಕಂಡಿತು, ಮೈಮರೆಯಿತು, ಆನಂದ ಉಕ್ಕಿತು ಎನ್ನುತ್ತಾರೆ. ಬಂದದ್ದು ಹೋಗುತ್ತದೆ. ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಸಚ್ಚಿದಾನಂದೇಂದ್ರ ಸರಸ್ವತಿಗಳು (1880–1975) ಕನ್ನಡದಲ್ಲಿ ದೀರ್ಘಕಾಲ ಬರೆದು ಒತ್ತಿ ಹೇಳಿದ್ದು ಇದನ್ನೇ: ಎಚ್ಚರ, ಕನಸು, ನಿದ್ದೆ ಎಲ್ಲರಿಗೂ ಇರುವ ಅನುಭವಗಳು, ವಿಚಾರಕ್ಕೆ ಅಷ್ಟು ಸಾಕು. ಶಂಕರರ ನಂತರದ ಅದ್ವೈತಿಗಳ ಹಲವು ಮಾತುಗಳನ್ನು ಅವರು ಒಪ್ಪಲಿಲ್ಲ. ಆದರೂ ಹತ್ತನೆಯವನ ಕತೆಯ ತಿರುಳಿಗೂ ಅವರ ಮಾತಿಗೂ ವಿರೋಧವಿಲ್ಲ.

ಹಾವೇರಿ ಸೀಮೆಯ ಸಂತರನ್ನೆಲ್ಲ ಅದ್ವೈತದ ಒಂದೇ ಬುಟ್ಟಿಗೆ ಹಾಕುವುದು ಮಾತ್ರ ಸರಿಯಲ್ಲ. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯಲ್ಲಿ ನೆಲೆ ನಿಂತ ಕನಕದಾಸರು ಮಾಧ್ವ ಪರಂಪರೆಯ ವ್ಯಾಸರಾಯರ ಶಿಷ್ಯರು. ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದೊಂದಿಗೆ ಹೆಸರು ಬೆಸೆದಿರುವ ಅಂಬಿಗರ ಚೌಡಯ್ಯ ಶರಣ. ಅವನ ಅರಿವಿಗೆ ಇಷ್ಟಲಿಂಗದ ಹಾದಿ. ಶಿಶುನಾಳದ ಶರೀಫರು (1819–1889) ಕಳಸದ ಗೋವಿಂದ ಭಟ್ಟರಲ್ಲಿ ಗುರುವನ್ನು ಕಂಡವರು. ‘ನಿಮ್ಮಪ್ಪ ಯಾರು’ ಎಂದು ಭಟ್ಟರು ಕೇಳಿದಾಗ ‘ನಿಮ್ಮಪ್ಪನೇ ನಮ್ಮಪ್ಪ’ ಎಂದು ಹುಡುಗ ಉತ್ತರಿಸಿದನೆಂದು ಜನ ಇಂದಿಗೂ ಹೇಳುತ್ತಾರೆ. ದಾರಿಗಳು ಬೇರೆ, ಅವುಗಳ ಗೌರವವೂ ಬೇರೆ ಬೇರೆಯಾಗಿಯೇ ಉಳಿಯಬೇಕು.

ಗಳಗೇಶ್ವರನ ದರ್ಶನಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವವರು ಹೊಳೆಯ ದಡದಲ್ಲಿ ಒಂದು ಗಳಿಗೆ ಕುಳಿತು ಈ ಕತೆ ಹೇಳಲಿ. ಜೊತೆಗೆ ಬಂದವರೆಷ್ಟು ಎಂದು ಒಂದು ಮಗುವಿನಿಂದಲೇ ಎಣಿಕೆ ಮಾಡಿಸಲಿ.