ದಾಳಿಂಬೆಯ ಸೊರಗು ರೋಗ ಮತ್ತು ಒಂದು ಸಣ್ಣ ದುಂಬಿ

ಐನಾಪುರದ ಸುತ್ತಲಿನ ಕೃಷ್ಣಾ ತೀರದಲ್ಲಿ ಕಬ್ಬಿನ ಮಾತೇ ಹೆಚ್ಚು. ಆದರೂ ಅಥಣಿ, ಕಾಗವಾಡದ ಕಡೆಗೆ ದ್ರಾಕ್ಷಿ ದಾಳಿಂಬೆಗಳನ್ನೇ ನೆಚ್ಚಿದ ಮನೆತನಗಳುಂಟು. ಕಾಯಿ ಹಿಡಿದ ದಾಳಿಂಬೆಯ ಒಂದು ಟೊಂಗೆ ಹಳದಿಯಾಗಿ, ಬರಬರುತ್ತ ಇಡೀ ಗಿಡವೇ ಒಣಗಿದರೆ ಒಕ್ಕಲಿಗನು ಮೊದಲು ನೀರನ್ನೋ ಗೊಬ್ಬರವನ್ನೋ ಶಂಕಿಸುವನು. ಆದರೆ ವೈರಿಯು ಹಲವು ಸಲ ಕಾಂಡದೊಳಗೇ ಅಡಗಿರುವದು.

ಈ ಸೊರಗು ರೋಗವು 1990ರ ಸುಮಾರಿಗೆ ವಿಜಾಪುರದ ಸೀಮೆಯಲ್ಲಿ ಕಾಣಿಸಿಕೊಂಡಿತು. ಇದರ ಮುಖ್ಯ ಕಾರಣ ಸೆರಟೊಸಿಸ್ಟಿಸ್ ಎಂಬ ಶಿಲೀಂಧ್ರವೆಂದು ಆ ದಶಕದಲ್ಲಿಯೇ ವಿಜ್ಞಾನಿಗಳು ಗುರುತಿಸಿದರು. ಅದು ಬೇರಿನಿಂದ ಒಳಹೊಕ್ಕು ನೀರು ಸಾಗಿಸುವ ನಾಳಗಳನ್ನು ಕೆಡಿಸುವದು. ರೋಗದ ಗಿಡದ ಕಾಂಡವನ್ನು ಅಡ್ಡ ಕೊಯ್ದರೆ ಕಂದುಗಪ್ಪು ಕಲೆ ಕಾಣುವದು. ರೋಗವು ಮಣ್ಣು, ಹರಿಯುವ ನೀರು, ರೋಗಪೀಡಿತ ಸಸಿಗಳ ಮೂಲಕ ಹರಡುವದು.

ಇದಕ್ಕೆ ಜೊತೆಗಾರನಾಗಿ ಬರುವದು ಸುಮಾರು ಎರಡು ಮಿಲಿಮೀಟರ್ ಉದ್ದದ, ಕಾಂಡ ಕೊರೆಯುವ ದುಂಬಿ. ಸೂಜಿಯಿಂದ ಚುಚ್ಚಿದಂಥ ತೂತುಗಳೂ ಬುಡದಲ್ಲಿ ಬಿದ್ದ ಸಣ್ಣ ಪುಡಿಯೂ ಇದರ ಗುರುತು. ಇದು ಕಟ್ಟಿಗೆಯನ್ನು ತಿನ್ನುವದಿಲ್ಲವೆಂಬುದು ಸೋಜಿಗದ ಸಂಗತಿ. ಹೆಣ್ಣು ದುಂಬಿಯು ಬಾಯಿಯ ಬಳಿಯ ಚೀಲದಲ್ಲಿ ತನ್ನದೇ ಒಂದು ಬೂಷ್ಟನ್ನು ಹೊತ್ತು ತರುವದು. ಕೊರೆದ ಸುರಂಗದ ಗೋಡೆಗೆ ಅದನ್ನು ಬಿತ್ತಿ, ಮೊಟ್ಟೆಯಿಡುವದು. ಮರಿಗಳು ಆ ಬೆಳೆಯನ್ನುಂಡು ಬೆಳೆಯುವವು. ಒಕ್ಕಲುತನ ಮನುಷ್ಯನೊಬ್ಬನ ವಿದ್ಯೆಯಲ್ಲ! ಸೊರಗು ರೋಗದ ಗಿಡವನ್ನು ಈ ದುಂಬಿ ಕೊರೆದಾಗ ಹೊರಬೀಳುವ ಪುಡಿಯೊಡನೆ ರೋಗದ ಬೀಜಾಣುಗಳೂ ಹೊರಬಂದು ಮಣ್ಣು ಸೇರಬಲ್ಲವು.

ಈ ದುಂಬಿಯ ಕುಲವು ನಮ್ಮ ಏಷ್ಯಾಖಂಡದ್ದು. ಸಿಂಹಳದ ಚಹಾ ತೋಟಗಳಿಗೆ ಹಳೆಯ ಪೀಡೆ. ಅದರ ಸೋದರರು ಕಡಲು ದಾಟಿ ಇಸ್ರೇಲ್ ಮತ್ತು ಕ್ಯಾಲಿಫೋರ್ನಿಯಾಗಳ ಬೆಣ್ಣೆಹಣ್ಣಿನ ತೋಟಗಳನ್ನು ಹೊಕ್ಕಿದ್ದಾರೆ. ಅಲ್ಲಿ ದುಂಬಿ ಬಿತ್ತಿದ ಬೂಷ್ಟೇ ಟೊಂಗೆಗಳನ್ನು ಒಣಗಿಸುವದು.

ಹಾಗಾದರೆ ಮಾಡತಕ್ಕದ್ದೇನು? ನಂಬಿಗಸ್ತ ಸಸಿಗಳನ್ನೇ ತರಬೇಕು. ಸೊರಗಿದ ಗಿಡದಿಂದ ಪಕ್ಕದ ಗಿಡಕ್ಕೆ ನೀರು ಹರಿಯದಂತೆ ತಡೆಯಬೇಕು. ಸತ್ತ ಗಿಡವನ್ನು ಬೇರುಸಹಿತ ಕಿತ್ತು ಅಲ್ಲಿಯೇ ಸುಡಬೇಕು. ಬದುವಿನ ಮೇಲೆ ಒಟ್ಟಿದರೆ, ಉರುವಲೆಂದು ಮನೆಗೊಯ್ದರೆ, ಅದರೊಳಗಿನ ಹೊಸ ಪೀಳಿಗೆಯು ಹಾರಿ ನೆರೆಯವನ ತೋಟವನ್ನು ಸೇರುವದು. ಔಷಧದ ಬಗೆಗೆ, 2005ರಲ್ಲಿ ಸ್ಥಾಪಿತವಾದ ಸೊಲ್ಲಾಪುರದ ರಾಷ್ಟ್ರೀಯ ದಾಳಿಂಬೆ ಸಂಶೋಧನ ಕೇಂದ್ರದ ಸಲಹೆ ನಮಗೆ ದೂರದ್ದಲ್ಲ.

ವಿದ್ಯಾರ್ಥಿ ಮಿತ್ರರೇ, ರಜೆಯಲ್ಲಿ ಊರಿಗೆ ಹೋದಾಗ ಬದುವಿನ ಮೇಲಿನ ಒಣ ದಾಳಿಂಬೆಯ ಕಟ್ಟಿಗೆಯನ್ನೊಮ್ಮೆ ಪರೀಕ್ಷಿಸಿರಿ. ತೂತುಗಳು ಕಂಡರೆ ಹಿರಿಯರಿಗೆ ತೋರಿಸಿರಿ. ಅದನ್ನು ಅಂದೇ ಸುಟ್ಟರೆ ನೆರೆಯವನ ಗಿಡಗಳೂ ಉಳಿದಾವು.