ಅಳಿಯ ಎಂದರೆ ‘ಸನ್ ಇನ್ ಲಾ’ ಮಾತ್ರವೇ? ಇಂಗ್ಲಿಷ್ ಅರ್ಜಿಯಲ್ಲಿ ನೆಂಟಸ್ತಿಕೆ ಬರೆಯುವ ಮುನ್ನ

ಅಕ್ಷಯ ಕೇಂದ್ರದ ಕಂಪ್ಯೂಟರ್ ಮುಂದೆ ಕುಳಿತವರು ‘ಸಂಬಂಧ ಏನು?’ ಎಂದು ಕೇಳುತ್ತಾರೆ. ನಮ್ಮವರು ‘ಅಳಿಯ’ ಎನ್ನುತ್ತಾರೆ. ಕೇಳಿದವರು ಅದನ್ನು ಮನಸ್ಸಿನಲ್ಲೇ ‘ಮರುಮಗನ್’ ಎಂದು ಮಲಯಾಳಕ್ಕೆ ತಿರುಗಿಸಿ, ಅಲ್ಲಿಂದ ಇಂಗ್ಲಿಷಿಗೆ ದಾಟಿಸಿ ‘ಸನ್ ಇನ್ ಲಾ’ ಎಂದು ಟೈಪ್ ಮಾಡುತ್ತಾರೆ. ಹೇಳಿದವರು ಸುಳ್ಳು ಹೇಳಲಿಲ್ಲ, ಟೈಪ್ ಮಾಡಿದವರಿಗೂ ಭಾಷೆ ಗೊತ್ತು. ಆದರೆ ಹೇಳಿದ್ದು ತಂಗಿಯ ಮಗನ ವಿಷಯ, ದಾಖಲೆಗೆ ಬಿದ್ದದ್ದು ಮಗಳ ಗಂಡ!

ಇದು ಒಬ್ಬಿಬ್ಬರ ಅಜಾಗರೂಕತೆಯಲ್ಲ. ಸೋದರಮಾವನ ಮಗಳನ್ನು ಮದುವೆಯಾಗುವ ರೂಢಿ ಇರುವ ಕಡೆ ತಂಗಿಯ ಮಗನೇ ನಾಳೆ ಮಗಳ ಗಂಡನೂ ಆಗಬಹುದು. ಹಾಗಾಗಿ ಕನ್ನಡದಲ್ಲಿ ಇಬ್ಬರಿಗೂ ಅಳಿಯ ಎಂಬ ಒಂದೇ ಹೆಸರು. ಮಲಯಾಳ, ತಮಿಳುಗಳಲ್ಲೂ ಮರುಮಗನ್ ಎಂದರೆ ಎರಡೂ ಹೌದು. ಸೊಸೆಯ ಕತೆಯೂ ಇದೇ. ಆದವಾನಿ, ರಾಯದುರ್ಗದ ಕಡೆಯವರಿಗೆ ತೆಲುಗಿನ ಆಸರೆ ಇದೆ: ಅಲ್ಲುಡು ಬೇರೆ, ಮೇನಲ್ಲುಡು ಬೇರೆ. ಸೊಲ್ಲಾಪುರದವರು ಮರಾಠಿಯಲ್ಲಿ ಮಗಳ ಗಂಡನನ್ನು ಭಾಚಾ ಎನ್ನುವುದಿಲ್ಲ. ಭಾಚಾ ಅಂದರೆ ಸೋದರಿಯ ಮಗ, ಅಷ್ಟೇ. ಕನ್ನಡದಲ್ಲೂ ಸೋದರಳಿಯ, ಸೋದರಸೊಸೆ ಎಂಬ ಒಳ್ಳೆಯ ಪದಗಳಿವೆ. ಕಚೇರಿಯಲ್ಲಿ ಅವನ್ನೇ ಬಳಸಿದರೆ ಅರ್ಧ ತೊಂದರೆ ತಪ್ಪುತ್ತದೆ.

ಕಾಸರಗೋಡಿನವರಿಗೆ ಈ ವಿಷಯ ಇನ್ನೂ ಹತ್ತಿರದ್ದು. ಅಳಿಯಸಂತಾನದ ‘ಅಳಿಯ’ ಮಗಳ ಗಂಡನಲ್ಲ, ಸೋದರಿಯ ಮಗ. ಮಲಯಾಳದ ಮರುಮಕ್ಕತ್ತಾಯವೂ ಅದೇ ಅರ್ಥದ್ದು. ಮದರಾಸು ಸರಕಾರ 1949ರಲ್ಲಿ ಅಳಿಯಸಂತಾನಕ್ಕೆಂದೇ ಕಾಯ್ದೆ ತಂದಿತ್ತು. ಕೇರಳದಲ್ಲಿ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದುಗೊಳಿಸಿದ ಕಾಯ್ದೆ 1976ರ ಡಿಸೆಂಬರ್ 1ರಿಂದ ಜಾರಿಯಾಯಿತು. ಪದ್ಧತಿ ಹೋದರೂ ಹಳೆಯ ದಸ್ತಾವೇಜುಗಳು ಮನೆಯ ಪೆಟ್ಟಿಗೆಯಲ್ಲಿ ಉಳಿದಿವೆ. ಅಂಥದ್ದನ್ನು ಇಂಗ್ಲಿಷಿಗೆ ಅನುವಾದ ಮಾಡಿಸುವಾಗ ಅಳಿಯ ಎಂದಲ್ಲೆಲ್ಲ ‘ಸನ್ ಇನ್ ಲಾ’ ಎಂದು ಹಾಕಿದರೆ ಜಾಗ ಯಾರಿಂದ ಯಾರಿಗೆ ಬಂತು ಎನ್ನುವುದೇ ತಲೆಕೆಳಗಾಗುತ್ತದೆ.

ಕಾನೂನು ಬರೆದವರಿಗೆ ಈ ಅಪಾಯ ಗೊತ್ತಿತ್ತೆಂದು ಕಾಣುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ವಾರಸುದಾರರ ಪಟ್ಟಿ ನೋಡಿ. ಅಲ್ಲಿ ಅಂಕಲ್ ಇಲ್ಲ, ಆಂಟಿ ಇಲ್ಲ, ನೆಫ್ಯೂ ಕೂಡ ಇಲ್ಲ. ‘ಫಾದರ್ಸ್ ಬ್ರದರ್’, ‘ಮದರ್ಸ್ ಬ್ರದರ್’, ‘ಸಿಸ್ಟರ್ಸ್ ಸನ್’ ಎಂದು ಬಿಡಿಸಿಯೇ ಬರೆದಿದ್ದಾರೆ. ವಿಲ್ ಬರೆಯದೆ ತೀರಿಕೊಂಡ ಹಿಂದೂ ಗಂಡಸಿನ ಆಸ್ತಿಗೆ ಮೊದಲ ವರ್ಗದ ವಾರಸುದಾರರು ಯಾರೂ ಇಲ್ಲದಿದ್ದರೆ ಎರಡನೇ ವರ್ಗದವರ ಸರದಿ. ಆ ವರ್ಗದಲ್ಲಿ ಸೋದರಿಯ ಮಗ ನಾಲ್ಕನೇ ಕ್ರಮದಲ್ಲಿದ್ದಾನೆ, ಚಿಕ್ಕಪ್ಪ ದೊಡ್ಡಪ್ಪಂದಿರು ಏಳರಲ್ಲಿ, ಸೋದರಮಾವ ಒಂಬತ್ತರಲ್ಲಿ. ಮೇಲಿನ ಕ್ರಮದಲ್ಲಿ ಒಬ್ಬರಿದ್ದರೂ ಕೆಳಗಿನವರಿಗೆ ಪಾಲಿಲ್ಲ. ಮಗಳ ಗಂಡನ ಹೆಸರು ಪಟ್ಟಿಯಲ್ಲಿ ಎಲ್ಲೂ ಇಲ್ಲ. ಈಗ ಹೇಳಿ, ‘ಸನ್ ಇನ್ ಲಾ’ ಎಂಬ ಮೂರು ಪದ ಎಷ್ಟು ದುಬಾರಿ!

ಅಂದ ಹಾಗೆ, ಇಂಗ್ಲಿಷ್ ಮೊದಲಿನಿಂದಲೂ ಇಷ್ಟು ಬಡವಾಗಿರಲಿಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ತಾಯಿಯ ಸೋದರನಿಗೂ ತಂದೆಯ ಸೋದರನಿಗೂ ಬೇರೆ ಬೇರೆ ಹೆಸರಿದ್ದವು. ಆಮೇಲೆ ಫ್ರೆಂಚಿನಿಂದ ಬಂದ ‘ಅಂಕಲ್’ ಎರಡನ್ನೂ ನುಂಗಿತು. ಇದರ ಲ್ಯಾಟಿನ್ ಮೂಲದ ಅರ್ಥ ಸೋದರಮಾವ ಎಂದೇ! ಇಂದು ಬೇಕಾದರೆ ‘ಮೆಟರ್ನಲ್ ಅಂಕಲ್’, ‘ಪೆಟರ್ನಲ್ ಅಂಕಲ್’ ಎಂದು ಬರೆಯಬಹುದು. ಆದರೆ ಅಮ್ಮನ ತಂಗಿಯ ಗಂಡನನ್ನೂ ಕೆಲವರು ‘ಮೆಟರ್ನಲ್ ಅಂಕಲ್’ ಎಂದು ಬರೆಯುವುದುಂಟು. ಅತ್ತೆಯದ್ದು ಇನ್ನೂ ಗೋಜಲು: ಅಪ್ಪನ ಅಕ್ಕತಂಗಿ, ಸೋದರಮಾವನ ಹೆಂಡತಿ, ಗಂಡನ ತಾಯಿ, ಹೆಂಡತಿಯ ತಾಯಿ, ಎಲ್ಲರೂ ಅತ್ತೆಯೇ. ಅದಕ್ಕೇ ಬಿಡಿಸಿ ಬರೆಯುವುದೇ ಲೇಸು. ಫಾದರ್, ಮದರ್, ಬ್ರದರ್, ಸಿಸ್ಟರ್, ಸನ್, ಡಾಟರ್, ಹಸ್ಬೆಂಡ್, ವೈಫ್ ಎಂಬ ಎಂಟು ಪದ ಗೊತ್ತಿದ್ದರೆ ಯಾವ ನೆಂಟಸ್ತಿಕೆಯನ್ನೂ ಬರೆಯಬಹುದು. ಹಿರಿಯ ಕಿರಿಯ ತಿಳಿಸಲು ‘ಎಲ್ಡರ್’, ‘ಯಂಗರ್’ ಸೇರಿಸಿ. ದೊಡ್ಡಪ್ಪ ಎಂದರೆ ‘ಫಾದರ್ಸ್ ಎಲ್ಡರ್ ಬ್ರದರ್’. ಕೇಳಲು ಉದ್ದ, ಆದರೆ ಯಾವ ಗುಮಾಸ್ತನಿಗೂ ಗೊಂದಲವಾಗದು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ‘ಬ್ರದರ್’ ವಿಷಯದಲ್ಲಿ. ಚಿಕ್ಕಪ್ಪನ ಮಗ ನಮಗೆ ತಮ್ಮನೇ. ಚಿಕ್ಕಮ್ಮನ ಮಗನೂ ತಮ್ಮನೇ. ಇಂಗ್ಲಿಷಿಗೆ ಇಬ್ಬರೂ ‘ಕಸಿನ್’. ‘ಕಸಿನ್ ಬ್ರದರ್’ ಎನ್ನುವುದು ನಮ್ಮ ದೇಶದ ಇಂಗ್ಲಿಷ್, ಹೊರಗಿನವರು ಬರೇ ಕಸಿನ್ ಎನ್ನುತ್ತಾರೆ. ಮಾತಿನಲ್ಲಿ ಏನೆಂದರೂ ನಡೆದೀತು, ಆಸ್ಪತ್ರೆಯಲ್ಲಿ ನಡೆಯದು. ಮಂಗಳೂರಿನ ಆಸ್ಪತ್ರೆಯಲ್ಲಿ ಕಿಡ್ನಿ ಕಸಿ ಮಾಡಿಸಬೇಕು, ‘ನನ್ನ ತಮ್ಮ ಕೊಡುತ್ತಾನೆ’ ಎಂದು ಹೇಳುತ್ತೀರಿ ಎಂದಿಟ್ಟುಕೊಳ್ಳಿ. 1994ರ ಅಂಗಾಂಗ ಕಸಿ ಕಾಯ್ದೆ ‘ಹತ್ತಿರದ ಸಂಬಂಧಿ’ ಎಂದು ಒಪ್ಪುವುದು ಗಂಡ ಹೆಂಡತಿ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರನ್ನು. 2011ರ ತಿದ್ದುಪಡಿಯಲ್ಲಿ ಅಜ್ಜ, ಅಜ್ಜಿ, ಮೊಮ್ಮಕ್ಕಳು ಸೇರಿದರು. ಚಿಕ್ಕಪ್ಪನ ಮಗ ಇದರಲ್ಲಿಲ್ಲ. ಅವನು ಕೊಡಬಾರದೆಂದಲ್ಲ, ಆದರೆ ಅರ್ಜಿ ಅನುಮತಿ ಸಮಿತಿಯ ಮುಂದೆ ಹೋಗಬೇಕು. ಮೊದಲ ದಿನ ‘ಬ್ರದರ್’ ಎಂದು ಬರೆಸಿ, ಆಮೇಲೆ ಗುರುತಿನ ಚೀಟಿಯಲ್ಲಿ ತಂದೆಯ ಹೆಸರು ಬೇರೆ ಕಂಡರೆ ಏನೋ ಮುಚ್ಚಿಟ್ಟಿದ್ದಾರೆಂಬ ಸಂಶಯ ಹುಟ್ಟುತ್ತದೆ. ರೋಗಿಗೆ ಒಂದೊಂದು ವಾರವೂ ಮುಖ್ಯವಾಗಿರುವಾಗ ಇದು ಬೇಕೆ? ‘ಫಾದರ್ಸ್ ಯಂಗರ್ ಬ್ರದರ್ಸ್ ಸನ್’ ಎಂದು ಮೊದಲೇ ಹೇಳಿಬಿಡಿ.

ಕಸಿನ್‌ಗಳಲ್ಲಿ ಫಸ್ಟ್, ಸೆಕೆಂಡ್ ಎಂಬ ಲೆಕ್ಕವೂ ಇದೆ. ಅಜ್ಜ ಅಜ್ಜಿ ಒಂದೇ ಆದರೆ ಫಸ್ಟ್ ಕಸಿನ್. ಮುತ್ತಜ್ಜ ಮುತ್ತಜ್ಜಿ ಒಂದೇ ಆದರೆ ಸೆಕೆಂಡ್ ಕಸಿನ್. ಅಪ್ಪನ ಫಸ್ಟ್ ಕಸಿನ್ ನಮಗೆ ‘ಫಸ್ಟ್ ಕಸಿನ್ ಒನ್ಸ್ ರಿಮೂವ್ಡ್’, ಅಂದರೆ ಒಂದು ತಲೆಮಾರಿನ ವ್ಯತ್ಯಾಸ. ಹೆಚ್ಚಿನ ಅರ್ಜಿಗಳಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ಇರಲಿ.

ಮಲತಾಯಿಯ ಮಕ್ಕಳ ವಿಷಯದಲ್ಲಿ ಮಾತ್ರ ತಡೆದು ನೋಡಿ. ತಂದೆ ಒಬ್ಬನೇ, ತಾಯಿ ಬೇರೆ ಎಂದಾದರೆ ಇಂಗ್ಲಿಷಿನಲ್ಲಿ ‘ಹಾಫ್ ಬ್ರದರ್’. ಮಲತಾಯಿ ತನ್ನ ಮೊದಲ ಮದುವೆಯಿಂದ ಕರೆತಂದ ಮಗನಾದರೆ ‘ಸ್ಟೆಪ್ ಬ್ರದರ್’, ಅವನಿಗೂ ನಮಗೂ ರಕ್ತಸಂಬಂಧವಿಲ್ಲ. ನಮ್ಮ ಮಾತಿನಲ್ಲಿ ಇಬ್ಬರೂ ಮಲತಮ್ಮಂದಿರೇ. ಪಾಲಿನ ಪ್ರಶ್ನೆ ಬಂದಾಗ ಕಾನೂನು ಇಬ್ಬರನ್ನೂ ಒಂದೇ ಎಂದು ಕಾಣುವುದಿಲ್ಲ.

ಇನ್ನು ಷಡ್ಡಕ, ಓರಗಿತ್ತಿ, ಬೀಗರು. ಷಡ್ಡಕನಿಗೆ ಮರಾಠಿಯಲ್ಲಿ ಸಾಡೂ, ತೆಲುಗಿನಲ್ಲಿ ತೋಡಲ್ಲುಡು, ತಮಿಳಿನಲ್ಲಿ ಸಗಲೈ ಇದ್ದಾರೆ, ಇಂಗ್ಲಿಷಿನಲ್ಲಿ ಯಾರೂ ಇಲ್ಲ. ‘ಕೋ ಬ್ರದರ್’, ‘ಕೋ ಸಿಸ್ಟರ್’ ನಾವೇ ಮಾಡಿಕೊಂಡ ಪದಗಳು. ಗಲ್ಫಿನ ಕಚೇರಿಗೋ ವಿದೇಶದ ಕಾಲೇಜಿಗೋ ಹಾಗೆ ಬರೆದರೆ ಓದಿದವರು ಕೆಲಸದ ಜೊತೆಗಾರ ಇರಬೇಕು ಎಂದುಕೊಂಡಾರು. ‘ಬ್ರದರ್ ಇನ್ ಲಾ’ ಎಂದರೂ ಹೆಂಡತಿಯ ತಮ್ಮನೋ, ಗಂಡನ ಅಣ್ಣನೋ, ಅಕ್ಕನ ಗಂಡನೋ ತಿಳಿಯದು. ‘ವೈಫ್ಸ್ ಸಿಸ್ಟರ್ಸ್ ಹಸ್ಬೆಂಡ್’ ಎಂದೇ ಬರೆಯಿರಿ.

ಕೇರಳದಲ್ಲಿ ವಿಲ್ಲೇಜ್ ಆಫೀಸಿನಿಂದ ಸಂಬಂಧ ಪ್ರಮಾಣಪತ್ರ ಸಿಗುತ್ತದೆ, ಅರ್ಜಿಯನ್ನು ಅಕ್ಷಯದ ಮೂಲಕವೇ ಹಾಕಬಹುದು. ಹೋಗುವಾಗ ಸಂಬಂಧವನ್ನು ಒಂದು ಚೀಟಿಯಲ್ಲಿ ಬಿಡಿಸಿ ಬರೆದು ಒಯ್ಯಿರಿ. ಸಲ್ಲಿಸುವ ಮುನ್ನ ಪರದೆಯ ಮೇಲಿರುವುದನ್ನು ಓದಿ ಹೇಳಲು ಕೇಳಿ. ರೇಷನ್ ಕಾರ್ಡಿನಲ್ಲಿ ನಮೂದಾದ ಸಂಬಂಧ ಬೇರೆಯಿದ್ದರೆ ಮೊದಲು ಅದನ್ನು ತಿದ್ದಿಸಿ.